ಬಹುಕ್ಯಾಮರಾ ದಾಖಲಾತಿ ಮತ್ತು ಮೌಖಿಕ ಕಾವ್ಯದ ಪಠ್ಯ: ಕಾಲಹೊಂದಾಣಿಕೆಯ ಕೆಲವು ಸಮಸ್ಯೆಗಳು (ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳನ್ನು ಅನುಲಕ್ಷಿಸಿ)

1

ಒಂದೇ ಕೃತಿಯ ಹಲವು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಗಳನ್ನು ಹೋಲಿಸಿ ನೋಡುವ ಕೆಲಸಕ್ಕೆ ಕನ್ನಡದಲ್ಲಿ ಗಟ್ಟಿಯಾದ ಪರಂಪರೆಯಿದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಆ ಪರಂಪರೆಗೆ ಶಾಸ್ತ್ರದ ನೆಲೆಗಟ್ಟನ್ನು ಒದಗಿಸಿತು. ಪ್ರತಿಗಳ ಸಂಬಂಧ, ಲಿಪಿಕಾರರ ಸ್ಖಾಲಿತ್ಯಗಳು, ಪಾಠಾಂತರಗಳ ನಮೂದು ಇವೆಲ್ಲ ಇಂದು ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗೂ ಪರಿಚಿತ. ಆದರೆ ಮೌಖಿಕ ಕಾವ್ಯದ ಪಠ್ಯ ಸಿದ್ಧವಾಗುವ ಬಗೆಯನ್ನು ಇಷ್ಟೇ ಎಚ್ಚರದಿಂದ ಚರ್ಚಿಸಿದ್ದು ಕಡಿಮೆ. ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ (1973), ಹಿ.ಚಿ. ಬೋರಲಿಂಗಯ್ಯ ಅವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಮಂಟೇಸ್ವಾಮಿ ಕಾವ್ಯ (1997) ಮುಂತಾದ ಮಹತ್ವದ ಸಂಪುಟಗಳು ಹಾಡಿದ ಕಾವ್ಯವನ್ನು ಓದುವ ಕಾವ್ಯವಾಗಿ ನಮ್ಮ ಕೈಗಿತ್ತಿವೆ. ಈಗ ಕಿವಿಯ ಜೊತೆಗೆ ಕಣ್ಣೂ ಸಾಕ್ಷಿಯಾಗಿದೆ. ಒಂದೇ ರಾತ್ರಿಯ ಒಂದೇ ಹಾಡಿಕೆಯನ್ನು ಎರಡು ಮೂರು ವಿಡಿಯೊ ಕ್ಯಾಮರಾಗಳು, ಬೇರೆಯಾದ ಒಂದು ಧ್ವನಿಮುದ್ರಣ ಯಂತ್ರ, ಜೊತೆಗೆ ಸಭಿಕರ ಮೊಬೈಲುಗಳು ಏಕಕಾಲದಲ್ಲಿ ಹಿಡಿದಿಡುತ್ತವೆ. ಪ್ರದರ್ಶನ ಒಂದು, ಸಾಕ್ಷಿಗಳು ಐದಾರು.

ಈ ಸಾಕ್ಷಿಗಳನ್ನು ಒಂದೇ ಕಾಲರೇಖೆಯ ಮೇಲೆ ಕೂಡಿಸುವ ಕ್ರಿಯೆಗೆ ತಂತ್ರಜ್ಞರ ಬಳಕೆಯಲ್ಲಿ ‘ಸಿಂಕ್’ ಎಂದು ಹೆಸರು. ಪ್ರಸ್ತುತ ಲೇಖನದಲ್ಲಿ ಅದನ್ನು ಕಾಲಹೊಂದಾಣಿಕೆ ಎಂದು ಕರೆಯಲಾಗಿದೆ. ಸಂಕಲನಕಾರನ ಮೇಜಿನ ಮೇಲೆ ನಡೆದುಹೋಗುವ ಈ ಕೆಲಸವನ್ನು ಸಂಶೋಧಕರು ಸಾಮಾನ್ಯವಾಗಿ ಯಾಂತ್ರಿಕವೆಂದು ಭಾವಿಸಿ ಸ್ಟುಡಿಯೊದವರಿಗೆ ಒಪ್ಪಿಸಿಬಿಡುತ್ತಾರೆ. ವಾಸ್ತವವಾಗಿ ಅದು ಪ್ರತಿಗಳನ್ನು ಹೋಲಿಸುವ ಕೆಲಸವೇ. ಅಲ್ಲಿ ಆದ ಅರ್ಧ ಸೆಕೆಂಡಿನ ತಪ್ಪು, ಹಾಡಿಕೆಯಲ್ಲಿ ಯಾರು ಯಾರನ್ನು ಅನುಸರಿಸಿದರು ಎಂಬ ನಿರ್ಣಯವನ್ನೇ ತಲೆಕೆಳಗು ಮಾಡಬಲ್ಲುದು.

2

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು (ಸಾಲಿಗ್ರಾಮ, ಸರಗೂರುಗಳು ಈಗ ಪ್ರತ್ಯೇಕ ತಾಲ್ಲೂಕುಗಳು) ಈ ಪರಿಶೀಲನೆಗೆ ಹೇಳಿ ಮಾಡಿಸಿದಂತಹ ಪ್ರದೇಶ. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ಕಾವ್ಯ ಬರೆದ ನಾಡಿದು. ಅದೇ ನೆಲದಲ್ಲಿ ಹಾಡಿನ ಪರಂಪರೆಗಳೂ ದಟ್ಟವಾಗಿವೆ. ಕೃಷ್ಣರಾಜನಗರ ತಾಲ್ಲೂಕಿನಲ್ಲಿ ಕಾವೇರಿಯ ದಡದ ಕಪ್ಪಡಿ, ರಾಚಪ್ಪಾಜಿ ಮತ್ತು ಚೆನ್ನಾಜಮ್ಮನ ಗದ್ದುಗೆಗಳ ಕ್ಷೇತ್ರ. ಶಿವರಾತ್ರಿಯಿಂದ ಆರಂಭವಾಗುವ ಅಲ್ಲಿನ ಜಾತ್ರೆ ಮಂಟೇಸ್ವಾಮಿ ಪರಂಪರೆಯ ಒಕ್ಕಲನ್ನೂ ನೀಲಗಾರರನ್ನೂ ಒಂದೆಡೆ ಸೇರಿಸುತ್ತದೆ. ಈಗಿನ ಸಾಲಿಗ್ರಾಮ ತಾಲ್ಲೂಕಿನ ಚುಂಚನಕಟ್ಟೆಯಲ್ಲಿ ಕೋದಂಡರಾಮನ ಸನ್ನಿಧಿಯ ದನಗಳ ಜಾತ್ರೆಯಿದೆ, ಪಕ್ಕದಲ್ಲೇ ನದಿ ಧುಮುಕುವ ಸದ್ದಿದೆ. ಹುಣಸೂರು, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬರ ಹಾಡಿಗಳಿವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರ ವಿಹಾರಗಳಲ್ಲಿ ಮುಖವಾಡದ ನೃತ್ಯಗಳು ನಡೆಯುತ್ತವೆ. ಬಯಲು, ನದೀತೀರ, ಕಾಡು, ಗೋಡೆಗಳಿಂದ ಸುತ್ತುವರಿದ ಅಂಗಳ: ಒಂದು ದಿನದ ಪ್ರಯಾಣದೊಳಗೆ ನಾಲ್ಕು ಬಗೆಯ ಧ್ವನಿಪರಿಸರ ಸಿಗುತ್ತದೆ.

ಕ್ಯಾಮರಾ ಈ ಸೀಮೆಗೆ ಹೊಸದೂ ಅಲ್ಲ. ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೊರ್ಡಾ ನಿರ್ದೇಶನದ ‘ಎಲಿಫೆಂಟ್ ಬಾಯ್’ (1937) ಚಿತ್ರದ ಬಾಲನಟ ಸಾಬು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದವನು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ತೆರೆಗೆ ತಂದರು. ಈ ಕಾಡುಗಳ ಖೆಡ್ಡಾ, ದಾಖಲಾತಿಯ ದೃಷ್ಟಿಯಿಂದ ಒಂದು ಪಾಠ. ಆನೆಯ ಹಿಂಡು ನದಿಗೆ ಇಳಿದದ್ದು ಒಮ್ಮೆ ಮಾತ್ರ. ಕ್ಯಾಮರಾದವನು ಸಿದ್ಧನಿರಲಿಲ್ಲವೆಂದು ಹಿಂಡು ಮತ್ತೊಮ್ಮೆ ಇಳಿಯುವುದಿಲ್ಲ. ಕಪ್ಪಡಿಯ ಹಾಡಿಕೆಯೂ ಹಾಗೆಯೇ.

3

ಕಾಲಹೊಂದಾಣಿಕೆಯ ಅತ್ಯಂತ ಹಳೆಯ ಸಾಧನ ಎಲ್ಲರೂ ಕಂಡಿರುವಂಥದು. ಕನ್ನಡ ಚಿತ್ರಗಳ ಮುಹೂರ್ತದಲ್ಲಿ ಗಣ್ಯರೊಬ್ಬರು ‘ಕ್ಲಾಪ್’ ಮಾಡುವುದು ಇಂದು ಶುಭಾರಂಭದ ಆಚರಣೆಯಾಗಿ ಉಳಿದಿದೆ. ಚಿತ್ರ ಒಂದು ಯಂತ್ರದಲ್ಲಿ, ಧ್ವನಿ ಇನ್ನೊಂದರಲ್ಲಿ ದಾಖಲಾಗುತ್ತಿದ್ದುದರಿಂದ, ಹಲಗೆ ಬಡಿದ ಚೌಕಟ್ಟನ್ನೂ ಬಡಿದ ಸದ್ದನ್ನೂ ಸೇರಿಸಿ ಎರಡನ್ನೂ ಕೂಡಿಸುವುದಕ್ಕೆ ಅದು ಹುಟ್ಟಿಕೊಂಡಿತು. ದೂರದರ್ಶನದ ಸ್ಟುಡಿಯೊಗಳಲ್ಲಿ ಎಲ್ಲ ಕ್ಯಾಮರಾಗಳಿಗೂ ಒಂದೇ ಮಿಡಿತವನ್ನು ತಂತಿಯ ಮೂಲಕ ಕಳುಹಿಸುವ ವ್ಯವಸ್ಥೆಯಿದೆ. ಕ್ಷೇತ್ರಕಾರ್ಯದಲ್ಲಿ ಅದರ ಬದಲು ‘ಟೈಮ್‌ಕೋಡ್’, ಅಂದರೆ ಪ್ರತಿಯೊಂದು ಚೌಕಟ್ಟಿಗೂ ಗಂಟೆ, ನಿಮಿಷ, ಸೆಕೆಂಡು, ಚೌಕಟ್ಟಿನ ಸಂಖ್ಯೆಯ ಮೊಹರು ಹಾಕುವ ಪದ್ಧತಿಯನ್ನು ಬಳಸಬಹುದು. ನಮ್ಮಲ್ಲಿ ರೂಢಿಯಲ್ಲಿರುವ ಮಾನದಂಡದಂತೆ ಸೆಕೆಂಡಿಗೆ 25 ಚೌಕಟ್ಟುಗಳು, ಅಂದರೆ ಒಂದು ಚೌಕಟ್ಟಿನ ಆಯುಷ್ಯ 40 ಮಿಲಿಸೆಕೆಂಡು. ಮುಂದಿನ ಚರ್ಚೆಗೆ ಈ ಒಂದು ಅಂಕಿ ನೆನಪಿದ್ದರೆ ಸಾಕು.

ಗದ್ದುಗೆಯ ಮುಂದೆ ಕುಳಿತ ನೀಲಗಾರನ ಎದುರು ಹಲಗೆ ಬಡಿಯುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಒಕ್ಕಲಿನವರಿಗೆ ಅದು ಪ್ರದರ್ಶನವಲ್ಲ, ಸೇವೆ. ಆದರೆ ಆಚರಣೆಯೊಳಗೇ ಹಲಗೆಯ ಕೆಲಸ ಮಾಡುವ ಕ್ರಿಯೆಗಳಿರುತ್ತವೆ. ತೆಂಗಿನಕಾಯಿ ಒಡೆಯುವುದು, ಜಾಗಟೆಯ ಮೊದಲ ಪೆಟ್ಟು ಇವು ಕಣ್ಣಿಗೂ ಕಿವಿಗೂ ಏಕಕಾಲಕ್ಕೆ ಖಚಿತವಾಗಿ ದಕ್ಕುವಂಥವು. ಬೀಸು ಕಂಸಾಳೆಯಲ್ಲಾದರೆ ಕಂಚಿನ ತಾಳದ ಪ್ರತಿ ಪೆಟ್ಟೂ ಒಂದು ಗುರುತು. ನೀಲಗಾರರ ಗಗ್ಗರ ಮಾತ್ರ ಈ ಕೆಲಸಕ್ಕೆ ಬಾರದು. ಅದರ ನಾದ ಎಲ್ಲಿ ತೊಡಗಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಇವೆಲ್ಲಕ್ಕಿಂತ ನಂಬಲರ್ಹವಾದ ಇನ್ನೊಂದು ಗುರುತು ಸಭಿಕರಿಂದಲೇ ಬರುತ್ತದೆ: ಯಾರೋ ತೆಗೆದ ಫೋಟೊದ ಫ್ಲಾಶ್. ಅದು ಎಲ್ಲ ಕ್ಯಾಮರಾಗಳಲ್ಲೂ ಒಂದೆರಡು ಚೌಕಟ್ಟುಗಳನ್ನು ಬೆಳ್ಳಗಾಗಿಸಿ ಮರೆಯಾಗುತ್ತದೆ. ಹಾಡಿಕೆಯ ನಡುವೆ ಫ್ಲಾಶ್ ಕಂಡು ಸಂಶೋಧಕರು ಮುಖ ಸಿಂಡರಿಸುವುದುಂಟು. ಕಾಲಹೊಂದಾಣಿಕೆಯ ಮಟ್ಟಿಗೆ ಅದು ಉಪಕಾರಿಯೇ.

4

ಬೆಳಕಿನ ಗುರುತನ್ನು ಧ್ವನಿಯ ಗುರುತಿಗಿಂತ ಮೇಲೆಂದು ಹೇಳುವುದಕ್ಕೆ ಕಾರಣವಿದೆ. ಪ್ರೀಮಿಯರ್ ಪ್ರೊ, ಫೈನಲ್ ಕಟ್ ಪ್ರೊ, ಡಾವಿಂಚಿ ರಿಸಾಲ್ವ್ ಮುಂತಾದ ಇಂದಿನ ಸಂಕಲನ ತಂತ್ರಾಂಶಗಳು ಎರಡು ಕ್ಯಾಮರಾಗಳ ಧ್ವನಿಯ ಅಲೆಗಳನ್ನು ಒಂದರ ಮೇಲೊಂದು ಜಾರಿಸಿ, ಅತಿ ಹೆಚ್ಚು ಹೋಲಿಕೆ ಕಂಡ ಕಡೆ ನಿಲ್ಲಿಸುತ್ತವೆ. ಗುಂಡಿ ಒತ್ತಿದರೆ ಮುಗಿಯಿತು ಎಂಬ ಭಾವನೆ ಇದರಿಂದ ಬೆಳೆದಿದೆ. ಆದರೆ ಬಯಲಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರು ಮಾತ್ರ ಚಲಿಸುತ್ತದೆ; ಒಂದು ಚೌಕಟ್ಟಿನ ಅವಧಿಯಲ್ಲಿ ಹತ್ತಿರ ಹತ್ತಿರ 14 ಮೀಟರು. ಬೆಳಕಿಗೆ ಈ ವಿಳಂಬವಿಲ್ಲ.

ಉದಾಹರಣೆಗೆ ಜಾತ್ರೆಯ ಬಯಲಿನಲ್ಲಿ ಒಂದು ಕ್ಯಾಮರಾ ಕಂಸಾಳೆ ಮೇಳದಿಂದ ಎರಡು ಮೀಟರು ದೂರದಲ್ಲಿ, ಇನ್ನೊಂದು ಜನಸಂದಣಿಯ ಆಚೆ 42 ಮೀಟರು ದೂರದಲ್ಲಿ ಇದೆಯೆಂದು ಭಾವಿಸಬಹುದು. ದೂರದ ಕ್ಯಾಮರಾದಲ್ಲಿ ತಾಳ ತಾಕಿದ ಚಿತ್ರ ತಕ್ಷಣ ಮೂಡಿದರೂ ಸದ್ದು ಮೂರು ಚೌಕಟ್ಟುಗಳ ಅನಂತರ ಬಂದಿರುತ್ತದೆ. ತಂತ್ರಾಂಶ ಧ್ವನಿಗೆ ಧ್ವನಿಯನ್ನು ಕೂಡಿಸುತ್ತದೆ. ಪರಿಣಾಮವಾಗಿ ದೂರದ ಕ್ಯಾಮರಾದ ಚಿತ್ರ ಸುಮಾರು ಮೂರು ಚೌಕಟ್ಟು ಮುಂದೆ ಸರಿದು, ಹತ್ತಿರದ ಧ್ವನಿಯೊಂದಿಗೆ ನೋಡಿದಾಗ ಕಲಾವಿದರ ಕೈ ತಾಳಕ್ಕಿಂತ ಮೊದಲೇ ತಾಕಿದಂತೆ ಕಾಣುತ್ತದೆ. ಸಾಮಾನ್ಯ ನೋಟಕ್ಕೆ ಇದು ಗೊತ್ತಾಗದಿರಬಹುದು. ಆದರೆ ಕುಣಿತದ ಹೆಜ್ಜೆಗೂ ಹಾಡಿನ ಒತ್ತಿಗೂ ಇರುವ ಸಂಬಂಧವನ್ನು ವಿವೇಚಿಸುವ ಸಂಶೋಧಕ, ಕಲಾವಿದರು ತಾಳಕ್ಕಿಂತ ಮುಂದೆ ಹೆಜ್ಜೆ ಇಡುತ್ತಾರೆ ಎಂಬ ತೀರ್ಮಾನಕ್ಕೆ ಬಂದರೆ ಅದು ಹೆಜ್ಜೆಯ ಲಕ್ಷಣವಾಗಿರದೆ ಗಾಳಿಯ ಲಕ್ಷಣವಾಗಿರುತ್ತದೆ.

ಪರಿಹಾರ ಸರಳ. ಕ್ಯಾಮರಾ ಮತ್ತು ಮೇಳದ ನಡುವಿನ ದೂರವನ್ನು ಅಳತೆಯ ಟೇಪಿನಿಂದಲೋ ಹೆಜ್ಜೆಯಿಂದಲೋ ಅಳೆದು ಬರೆದುಕೊಂಡರೆ, ಧ್ವನಿಯಿಂದ ಕೂಡಿಸಿದ ಮೇಲೆ ಅಷ್ಟು ಚೌಕಟ್ಟು ಹಿಂದಕ್ಕೆ ಸರಿಸಬಹುದು. ಕ್ಷೇತ್ರದಲ್ಲಿ ಕ್ಯಾಮರಾ ಎಷ್ಟು ದೂರದಲ್ಲಿತ್ತು ಎಂಬ ಮಾಹಿತಿ ಟಿಪ್ಪಣಿ ಪುಸ್ತಕದಲ್ಲಿ ಇರಬೇಕಾದದ್ದು ಈ ಕಾರಣಕ್ಕೆ. ಬೈಲಕುಪ್ಪೆಯ ವಿಹಾರದಂಥ ಅಂಗಳಗಳಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಉದ್ದನೆಯ ಕಹಳೆಗಳ ಎಳೆದ ನಾದಕ್ಕೆ ಚೂಪಾದ ಆರಂಭವಿಲ್ಲ. ತಾಳದ ಪೆಟ್ಟಿಗೆ ಆರಂಭವಿದ್ದರೂ ಗೋಡೆಯಿಂದ ಮರಳಿದ ಮಾರ್ದನಿ ಎರಡನೆಯ ಪೆಟ್ಟಿನಂತೆ ದಾಖಲಾಗುತ್ತದೆ. ಚುಂಚನಕಟ್ಟೆಯಲ್ಲಾದರೆ ಜಲಪಾತದ ಭೋರ್ಗರೆತ ಅಲೆಯ ಏರಿಳಿತವನ್ನೇ ನುಂಗಿಬಿಡಬಹುದು. ಇಂಥಲ್ಲಿ ಕಣ್ಣಿನ ಗುರುತೇ ಗತಿ.

5

ದೂರದ ತಪ್ಪು ಮೂರು ನಾಲ್ಕು ಚೌಕಟ್ಟಿನದು. ಅದಕ್ಕಿಂತ ದೊಡ್ಡದೂ, ಕನ್ನಡದ ಓದುಗರಿಗೆ ಹೆಚ್ಚು ಪರಿಚಿತವೂ ಆದ ತಪ್ಪೊಂದು ಹಾಡಿಕೆಯ ಸ್ವರೂಪದಿಂದಲೇ ಹುಟ್ಟುತ್ತದೆ.

ನೀಲಗಾರರ ಮೇಳದಲ್ಲಿ ಮುಖ್ಯ ಗಾಯಕ ತಂಬೂರಿಯೊಂದಿಗೆ ಕಥೆಯನ್ನು ಮುನ್ನಡೆಸಿದರೆ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಒಂದು ಸಾಲಿನ (ಎಂದರೆ ಕಾವ್ಯಭಾಗದ) ಹಾಡಿಕೆಯಲ್ಲಿ ಅದೇ ಸೊಲ್ಲು ಅದೇ ಲಯದಲ್ಲಿ ನೂರಾರು ಸಲ ಮರಳಬಹುದು. ಯಂತ್ರಕ್ಕೆ ಅರ್ಥ ಗೊತ್ತಿಲ್ಲ. ಅಲೆಯ ಆಕಾರ ಮಾತ್ರ ಗೊತ್ತು. ಒಂದು ಆವರ್ತದ ಅಲೆ ಮುಂದಿನ ಆವರ್ತದ ಅಲೆಯನ್ನು ಬಹುಮಟ್ಟಿಗೆ ಹೋಲುವುದರಿಂದ, ಎರಡನೆಯ ಕ್ಯಾಮರಾದ ತುಣುಕು ಚಿಕ್ಕದಾಗಿದ್ದು ಸದ್ದುಗದ್ದಲದಿಂದ ಕೂಡಿದ್ದರೆ, ತಂತ್ರಾಂಶ ಅದನ್ನು ಒಂದು ಆವರ್ತ ಆಚೆ ಈಚೆ ಕೂರಿಸಿಬಿಡುತ್ತದೆ. ತಾಳ ಸರಿಹೊಂದುತ್ತದೆ, ಸೊಲ್ಲೂ ಸರಿಹೊಂದುತ್ತದೆ, ತುಟಿಯ ಚಲನೆಯೂ ಹೆಚ್ಚುಕಡಿಮೆ ಹೊಂದುತ್ತದೆ. ತಪ್ಪಿರುವುದು ಸ್ಥಾನ ಮಾತ್ರ.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಎಲ್ಲೋ ಕಂಡ ಮುಖ. ಹತ್ತಿರದ ಎರಡು ಸಾಲುಗಳು ಒಂದೇ ಪದದಿಂದ ಮುಗಿದಾಗ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ ನಡುವಿನ ಪಾಠ ಬಿಟ್ಟುಹೋಗುವುದುಂಟು. ಕೆಲವೊಮ್ಮೆ ಹಿಂದಕ್ಕೆ ಜಾರಿ ಬರೆದದ್ದನ್ನೇ ಮತ್ತೆ ಬರೆಯುವುದೂ ಉಂಟು. ಪುನರಾವೃತ್ತಿ ಇರುವ ಕಡೆ ಲಿಪಿಕಾರ ಮುಗ್ಗರಿಸುತ್ತಾನೆ, ಯಂತ್ರವೂ ಅಲ್ಲೇ ಮುಗ್ಗರಿಸುತ್ತದೆ. ಓಲೆಪ್ರತಿಯ ಕಣ್ತಪ್ಪನ್ನು ಹಿಡಿಯುವ ವಿಧಾನ ಇಲ್ಲಿಯೂ ಸಲ್ಲುತ್ತದೆ: ಪುನರಾವೃತ್ತಿಯಾಗದ ಪಾಠವನ್ನು ಆಶ್ರಯಿಸುವುದು. ಮಂಟೇಸ್ವಾಮಿ, ಮಾದೇಶ್ವರ ಕಾವ್ಯಗಳಲ್ಲಿ ಹಾಡಿನ ನಡುವೆ ಗದ್ಯದ ನಿರೂಪಣೆ ಬರುತ್ತದೆ. ಗದ್ಯದ ಮಾತು ಅದೇ ರೀತಿ ಎರಡನೆಯ ಸಲ ಬರಲಾರದು. ಗಾಯಕನ ಕೆಮ್ಮು, ಮಗುವಿನ ಅಳು, ಸಭೆಯಿಂದ ಬಂದ ಒಂದು ಕೂಗು ಇವೂ ಒಮ್ಮೆ ಮಾತ್ರ ಸಂಭವಿಸುವಂಥವು. ಆದ್ದರಿಂದ ಕಾಲಹೊಂದಾಣಿಕೆಯನ್ನು ಗದ್ಯಭಾಗದಲ್ಲಿ ಮಾಡಿ ಹಾಡಿನ ಭಾಗದಲ್ಲಿ ಪರೀಕ್ಷಿಸುವುದು ಲೇಸು. ಸದ್ದನ್ನು ‘ಶುದ್ಧಗೊಳಿಸುವ’ ಉತ್ಸಾಹದಲ್ಲಿ ಕೆಮ್ಮು, ಕೂಗುಗಳನ್ನು ಮೊದಲೇ ಅಳಿಸಿಹಾಕುವ ಸಂಕಲನಕಾರ ತನ್ನ ಗುರುತುಕಲ್ಲುಗಳನ್ನು ತಾನೇ ಕಿತ್ತೆಸೆಯುತ್ತಾನೆ.

6

ಸೊಲ್ಲಿನ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಮುದ್ರಿತ ಪಠ್ಯಗಳಲ್ಲಿ ಸೊಲ್ಲನ್ನು ಒಮ್ಮೆ ಕೊಟ್ಟು ಮುಂದೆ ಕೈಬಿಡುವ ರೂಢಿಯಿದೆ; ಕಾಗದದ ಉಳಿತಾಯಕ್ಕೂ ಓದಿನ ಸುಗಮತೆಗೂ ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ಅದರಿಂದ ಮೌಖಿಕ ಕಾವ್ಯ ಒಬ್ಬ ಗಾಯಕನ ಕೃತಿಯೆಂಬ ಭಾವನೆ ಗಟ್ಟಿಯಾಯಿತು. ಹಿಮ್ಮೇಳದವನು ಬರಿಯ ಪ್ರತಿಧ್ವನಿಯೇ, ಅಥವಾ ಕಥೆಯ ಎಳೆ ತಪ್ಪಿದಾಗ ಸಾಲನ್ನು ಎತ್ತಿಕೊಡುವ ಸಹಕರ್ತೃವೇ? ಮುಖ್ಯ ಗಾಯಕನ ಮೇಲೆ ಒಂದು, ಹಿಮ್ಮೇಳದ ಮೇಲೆ ಒಂದು ಕ್ಯಾಮರಾ ನೆಟ್ಟು ರಾತ್ರಿಯಿಡೀ ದಾಖಲಿಸಿದರೆ ಮಾತ್ರ ಈ ಪ್ರಶ್ನೆಗೆ ಸಾಕ್ಷ್ಯ ಸಿಗುತ್ತದೆ. ಇಬ್ಬರ ದನಿಯೂ ಒಂದೇ ಧ್ವನಿಮುದ್ರಣದಲ್ಲಿ ಬಿಡಿಬಿಡಿಯಾಗಿ ಕೇಳಿಸುವಲ್ಲಿ ಗೊಂದಲವಿಲ್ಲ. ದನಿಗಳು ಒಂದರೊಳಗೊಂದು ಬೆರೆತಾಗ, ಅಥವಾ ಇಬ್ಬರಿಗೂ ಬೇರೆ ಬೇರೆ ಯಂತ್ರ ಇಟ್ಟಾಗ, ಯಾರ ತುಟಿ ಮೊದಲು ತೆರೆಯಿತು ಎಂಬುದು ಕಾಲಹೊಂದಾಣಿಕೆಯ ಖಚಿತತೆಯನ್ನೇ ಅವಲಂಬಿಸುತ್ತದೆ.

ಇಲ್ಲಿ ಯಂತ್ರಗಳ ಗಡಿಯಾರಗಳ ಸ್ವಭಾವವನ್ನು ಗಮನಿಸಬೇಕು. ಪ್ರತಿಯೊಂದು ಯಂತ್ರದೊಳಗಿನ ಸ್ಫಟಿಕ ತನ್ನದೇ ವೇಗದಲ್ಲಿ ಮಿಡಿಯುತ್ತದೆ. ಎರಡು ಯಂತ್ರಗಳ ನಡುವೆ ಹತ್ತು ಲಕ್ಷಕ್ಕೆ 20 ಪಾಲಿನಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಗೆ 72 ಮಿಲಿಸೆಕೆಂಡು, ಅಂದರೆ ಎರಡು ಚೌಕಟ್ಟಿಗೆ ತುಸು ಕಡಿಮೆ ಅಂತರ ಬೀಳುತ್ತದೆ. ಸಂಜೆ ಒಮ್ಮೆ ಕೂಡಿಸಿ ಬೆಳಗಿನವರೆಗೆ ಹಾಗೆಯೇ ಬಿಟ್ಟರೆ ಎಂಟು ಗಂಟೆಗಳಲ್ಲಿ ಅದು 576 ಮಿಲಿಸೆಕೆಂಡಿಗೆ, ಅಂದರೆ 14 ಚೌಕಟ್ಟುಗಳಿಗೆ ಏರುತ್ತದೆ. ಅರ್ಧ ಸೆಕೆಂಡು ಮೀರಿದ ಈ ಅಂತರ, ಹಿಮ್ಮೇಳದವನು ಎತ್ತಿಕೊಟ್ಟ ಸಾಲನ್ನು ಅವನು ಅನುಕರಿಸಿದ ಸಾಲಾಗಿಸಲು ಸಾಕು. ಗಾಯಕ ದಣಿದು ಮರೆಯುವ ಸಂಭವ ಹೆಚ್ಚಿರುವುದು ಬೆಳಗಿನ ಜಾವದಲ್ಲಿ; ಕಾಲಹೊಂದಾಣಿಕೆ ಹೆಚ್ಚು ಕೆಟ್ಟಿರುವುದೂ ಆಗಲೇ. ಟೈಮ್‌ಕೋಡ್ ಉಪಕರಣಗಳಿದ್ದರೂ ಅವುಗಳನ್ನು ಕೆಲವು ಗಂಟೆಗಳಿಗೊಮ್ಮೆ ಮತ್ತೆ ಒಂದಕ್ಕೊಂದು ಹೊಂದಿಸಬೇಕಾಗುತ್ತದೆ. ಅವಿಲ್ಲದವರು ಗಂಟೆಗೊಂದು ಗುರುತನ್ನು, ಸಭೆಗೆ ಅಡ್ಡಿಯಾಗದಂತೆ ಒಂದು ಸಣ್ಣ ಬೆಳಕಿನ ಮಿಣುಕನ್ನಾದರೂ, ಎಲ್ಲ ಕ್ಯಾಮರಾಗಳಿಗೂ ಕಾಣುವಂತೆ ನೀಡುವುದು ಅಗತ್ಯ.

ದಾಖಲಾತಿ ಕಡಿಯುವ ಸಮಸ್ಯೆಯೂ ಇದರ ಜೊತೆಗಿದೆ. 1933-35ರ ಅವಧಿಯಲ್ಲಿ ಯುಗೊಸ್ಲಾವಿಯದ ಗಾಯಕರನ್ನು ಮುದ್ರಿಸಿಕೊಂಡ ಮಿಲ್ಮನ್ ಪ್ಯಾರಿ ಎರಡು ತಿರುಗುತಟ್ಟೆಗಳ ಯಂತ್ರವನ್ನು ಮಾಡಿಸಿಕೊಂಡಿದ್ದನು. ಒಂದು ಅಲ್ಯುಮಿನಿಯಂ ತಟ್ಟೆ ತುಂಬುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರುತ್ತಿದ್ದುದರಿಂದ ಗಾಯಕ ನಿಲ್ಲಿಸಬೇಕಾಗುತ್ತಿರಲಿಲ್ಲ. ಒಂದು ಗಂಟೆಯ ಮಿನಿ ಡಿವಿ ಕ್ಯಾಸೆಟ್ಟಿನ ಕಾಲದಲ್ಲೂ, 29 ನಿಮಿಷ 59 ಸೆಕೆಂಡಿಗೆ ತಾನಾಗಿಯೇ ನಿಲ್ಲುವ ಸ್ಥಿರಚಿತ್ರ ಕ್ಯಾಮರಾಗಳಲ್ಲೂ ಅದೇ ತೊಡಕು ಉಳಿದುಬಂದಿದೆ. ಎರಡು ಕ್ಯಾಮರಾಗಳನ್ನು ಒಟ್ಟಿಗೆ ಆರಂಭಿಸಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಹದಿನೈದು ನಿಮಿಷದ ಅಂತರದಲ್ಲಿ ಆರಂಭಿಸಿದರೆ ಒಂದರ ಬಿರುಕನ್ನು ಇನ್ನೊಂದು ಮುಚ್ಚುತ್ತದೆ. ಪ್ಯಾರಿಯ ಉಪಾಯವೂ ಇದೇ.

7

ಇತ್ತೀಚಿನ ವರ್ಷಗಳಲ್ಲಿ ಸಭಿಕರ ಮೊಬೈಲುಗಳು ಹೊಸ ಬಗೆಯ ಪ್ರತಿಗಳನ್ನು ಸೃಷ್ಟಿಸಿವೆ. ಒಕ್ಕಲಿನವರು ತಮ್ಮ ನಡುವೆ ಕುಳಿತು ತೆಗೆದ ಚಿತ್ರಗಳಲ್ಲಿ, ಹೊರಗಿನಿಂದ ಬಂದ ಕ್ಯಾಮರಾಕ್ಕೆ ಸಿಗದ ಮುಖಗಳಿರುತ್ತವೆ. ಅವನ್ನು ಒಪ್ಪಿಗೆ ಪಡೆದು, ಕೊಟ್ಟವರ ವಿವರದೊಂದಿಗೆ ಸಂಗ್ರಹಿಸುವುದು ಯೋಗ್ಯ ಕಾರ್ಯ. ಆದರೆ ಮೊಬೈಲು ಸಾಮಾನ್ಯವಾಗಿ ಸೆಕೆಂಡಿಗೆ 30ರ ಆಸುಪಾಸಿನ ಚೌಕಟ್ಟುಗಳನ್ನು, ಅದೂ ಬೆಳಕಿಗೆ ತಕ್ಕಂತೆ ಏರುಪೇರಾಗುವ ವೇಗದಲ್ಲಿ ತೆಗೆಯುತ್ತದೆ. ಅದನ್ನು ನೇರವಾಗಿ 25ರ ಕಾಲರೇಖೆಗೆ ತಂದರೆ ಮೊದಲು ಹೊಂದಿದ ತುಟಿ ಬರಬರುತ್ತ ಮಾತಿನಿಂದ ಕಳಚಿಕೊಳ್ಳಬಹುದು. ಮೂಲ ಕಡತವನ್ನು ಹಾಗೆಯೇ ಉಳಿಸಿಕೊಂಡು, ಸ್ಥಿರ ವೇಗಕ್ಕೆ ಪರಿವರ್ತಿಸಿದ ಪ್ರತಿಯನ್ನು ಮಾತ್ರ ಸಂಕಲನಕ್ಕೆ ಬಳಸಬೇಕು. ಜಾಲಸಂಪರ್ಕ ಇರುವಲ್ಲಿ ಮೊಬೈಲಿನ ಗಡಿಯಾರ ಸಾಕಷ್ಟು ನಿಖರ. ಆದರೆ ಕಡತದ ಮೇಲಿನ ಸಮಯ ಸಾಮಾನ್ಯವಾಗಿ ಸೆಕೆಂಡಿನವರೆಗೆ ಮಾತ್ರ. ತುಣುಕು ರಾತ್ರಿಯ ಯಾವ ಭಾಗದ್ದು ಎಂದು ತಿಳಿಯಲು ಅದು ನೆರವಾಗುತ್ತದೆ, ಅದರಾಚೆಗೆ ನಂಬುವಂತಿಲ್ಲ. ಸಂಪರ್ಕವಿಲ್ಲದ ಕಾಡಂಚಿನ ಹಾಡಿಗಳಲ್ಲಿ ಆ ನೆರವೂ ಅನುಮಾನವೇ. ಅಲ್ಲಿ ವಾದ್ಯವಿಲ್ಲದೆ ಹಲವರು ಕೂಡಿ ಹಾಡುವ ಸಂದರ್ಭಗಳಲ್ಲಿ ಕಣ್ಣಿನ ಗುರುತನ್ನು ಮೊದಲೇ ಯೋಜಿಸಿಕೊಳ್ಳದೆ ಹೋಗುವುದು ಶ್ರಮವನ್ನು ನೀರಿಗೆ ಹಾಕಿದಂತೆ.

8

ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ಗೋಪಾಲ ನಾಯ್ಕರ ಸಿರಿ ಕಾವ್ಯವನ್ನು 1990ರಲ್ಲಿ ದಾಖಲಿಸಿ, 15,683 ಸಾಲುಗಳ ಪಠ್ಯವನ್ನು 1998ರಲ್ಲಿ ಪ್ರಕಟಿಸಿದಾಗ, ಪಠ್ಯದ ಜೊತೆಗೆ ಅದು ಪಠ್ಯವಾದ ಬಗೆಯನ್ನೂ ವಿಸ್ತಾರವಾಗಿ ನಿರೂಪಿಸಿದರು. ಬಹುಕ್ಯಾಮರಾ ದಾಖಲಾತಿಗೆ ಬೇಕಾಗಿರುವುದು ಅದೇ ಮಾದರಿ. ವಿಭಾಗಗಳಲ್ಲಿ ಸಾಮಾನ್ಯವಾಗಿ ಉಳಿಯುವುದು ಒಂದು ಗಂಟೆಯ ಸಾಕ್ಷ್ಯಚಿತ್ರ. ಅದು ಸಂಕಲನಕಾರನು ಕ್ಯಾಮರಾದಿಂದ ಕ್ಯಾಮರಾಕ್ಕೆ ಜಿಗಿಯುತ್ತ ಆಯ್ದು ಹೆಣೆದ ಸಂಕರ ಪಾಠ. ನೋಡುವುದಕ್ಕೆ ಅದು ಚೆನ್ನ. ಶೋಧನೆಗೆ ಆಕರವಾಗಬೇಕಾದದ್ದು ಕತ್ತರಿ ಹಾಕದ, ಒಂದೇ ಕಾಲರೇಖೆಯ ಮೇಲೆ ಕೂಡಿಸಿಟ್ಟ ಎಲ್ಲ ಕ್ಯಾಮರಾಗಳ ಪೂರ್ಣ ದಾಖಲೆ. ಅದರ ಜೊತೆಗೆ ಒಂದು ಹಾಳೆಯಾದರೂ ಇರಬೇಕು: ಯಾವ ಕ್ಯಾಮರಾವನ್ನು ಯಾವ ಗುರುತಿನಿಂದ ಎಷ್ಟು ಚೌಕಟ್ಟು ಸರಿಸಲಾಯಿತು, ದೂರಕ್ಕಾಗಿ ಎಷ್ಟು ತಿದ್ದಲಾಯಿತು, ಎಲ್ಲಿ ಅನುಮಾನ ಉಳಿಯಿತು. ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡದ ಸಂಪಾದನೆಯನ್ನು ಕನ್ನಡ ವಿದ್ವತ್ತು ಒಪ್ಪುವುದಿಲ್ಲ. ದೃಶ್ಯದ ಆಕರಕ್ಕೆ ಮಾತ್ರ ವಿನಾಯಿತಿ ಕೊಡಬೇಕಾದ ಕಾರಣ ತೋರದು.

ಹಳೆಯ ಸಂಗ್ರಹಗಳ ವಿಷಯದಲ್ಲಿ ತುರ್ತೂ ಇದೆ. 2000ದ ದಶಕದಲ್ಲಿ ಕ್ಷೇತ್ರಕಾರ್ಯಕ್ಕೆ ಬಳಕೆಯಾದ ಮಿನಿ ಡಿವಿ ಕ್ಯಾಸೆಟ್ಟುಗಳಲ್ಲಿ ಚಿತ್ರದೊಂದಿಗೆ ಟೈಮ್‌ಕೋಡ್ ಹಾಗೂ ಚಿತ್ರೀಕರಣದ ದಿನಾಂಕ, ಗಂಟೆಗಳು ಅಡಗಿರುತ್ತವೆ. ಡಿಜಿಟಲ್ ತಂತಿಯ ಮೂಲಕ ಗಣಕಕ್ಕೆ ಇಳಿಸಿದರೆ ಆ ಮಾಹಿತಿ ಜೊತೆಗೇ ಬರುತ್ತದೆ. ಅಂಗಡಿಯಲ್ಲಿ ಸಾಮಾನ್ಯ ಎವಿ ತಂತಿಯಿಂದ ಡಿವಿಡಿಗೆ ಮಾಡಿಸಿದರೆ ಚಿತ್ರ ಮಾತ್ರ ಉಳಿದು ಕಾಲ ಅಳಿಸಿಹೋಗುತ್ತದೆ. ಕ್ಯಾಸೆಟ್ಟು ಓದುವ ಯಂತ್ರಗಳ ತಯಾರಿಕೆ ನಿಂತಿದೆ, ಸುರುಳಿಯ ಲೇಪ ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತದೆ. ಒಂದೇ ಜಾತ್ರೆಯ ಒಂದೇ ರಾತ್ರಿಯನ್ನು ಇಬ್ಬರು ಬೇರೆ ಬೇರೆಯಾಗಿ ಚಿತ್ರೀಕರಿಸಿದ ಕ್ಯಾಸೆಟ್ಟುಗಳು ಎರಡು ಬೀರುಗಳಲ್ಲಿದ್ದರೆ, ಅವನ್ನು ಬಹುಕ್ಯಾಮರಾ ದಾಖಲೆಯಾಗಿ ಕೂಡಿಸುವುದು ಇಂದೂ ಸಾಧ್ಯ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಊರು, ತಾರೀಖು ಅಳಿಸದೆ ಉಳಿದಿದ್ದರೆ ಕೆಲಸ ಅಲ್ಲಿಂದ ತೊಡಗಬಹುದು.